ಟೆನ್ಷನ್ ಬಿಗಿ ಮಾಡಿದಷ್ಟೂ ಚರ್ಮದ ಹೊಲಿಗೆ ಗಟ್ಟಿಯಾಗುತ್ತದೆಯೇ?

"ಹೊಲಿಗೆ ಕೆಳಗಡೆ ಸಡಿಲ ಬರ್ತಿದೆಯಾ? ಬಾಬಿನ್ ಸ್ಕ್ರೂ ಬಿಗಿ ಮಾಡಿ." "ಟೆನ್ಷನ್ ಎಷ್ಟು ಟೈಟೋ ಹೊಲಿಗೆ ಅಷ್ಟು ಗಟ್ಟಿ." "ಬೆಲ್ಟ್ ಹೊಲಿಯೋಕೆ ದೊಡ್ಡ ಮೆಷಿನ್ ಬೇಕಿಲ್ಲ, ಮನೆ ಮೆಷಿನ್ನಿನ ಟೆನ್ಷನ್ ಪೂರ್ತಿ ತಿರುಗಿಸಿದರೆ ಸಾಕು."

ಹೊಲಿಗೆ ಕಲಿಯುವವರ ವಾಟ್ಸಾಪ್ ಗುಂಪುಗಳಲ್ಲಿ, ಅರ್ಧ ನಿಮಿಷದ ರೀಲ್‌ಗಳಲ್ಲಿ ಈ ಬಗೆಯ ಸಲಹೆಗಳು ಸುತ್ತುತ್ತಲೇ ಇರುತ್ತವೆ. ಮೂರೂ ತಪ್ಪು. ಮೊದಲನೆಯದು ಸರಿಯಾದ ಉತ್ತರಕ್ಕೆ ಪೂರ್ತಿ ಉಲ್ಟಾ. ಎರಡನೆಯದು ಕೇಳಲು ಸರಿ ಅನ್ನಿಸುತ್ತದೆ, ಆದರೆ ಚರ್ಮ ಮತ್ತು ದಾರ ಎರಡನ್ನೂ ದುರ್ಬಲಗೊಳಿಸುತ್ತದೆ. ಮೂರನೆಯದನ್ನು ನಂಬಿದರೆ ಮೆಷಿನ್ ಹೋಗುತ್ತದೆ, ಅದೃಷ್ಟ ಕೆಟ್ಟಿದ್ದರೆ ಕಣ್ಣಿಗೂ ಅಪಾಯ.

ಬಟ್ಟೆಯಾದರೆ ಇಂಥ ತಪ್ಪು ಸಲಹೆಗಳಿಂದ ದೊಡ್ಡ ನಷ್ಟವೇನೂ ಆಗದು. ಹೊಲಿಗೆ ಬಿಚ್ಚಿ ಮತ್ತೆ ಹೊಲಿಯಬಹುದು. ಸೂಜಿ ಸರಿಸಿದ ನೇಯ್ಗೆಯ ಎಳೆಗಳು ಒಂದು ಒಗೆತದಲ್ಲಿ ತಮ್ಮ ಜಾಗಕ್ಕೆ ಬರುತ್ತವೆ. ಚರ್ಮ ಹಾಗಲ್ಲ. ಅದರಲ್ಲಿ ಬಿದ್ದ ತೂತು ಬಿದ್ದದ್ದೇ. ಬಿಚ್ಚಿ ಇನ್ನೊಮ್ಮೆ ಹೊಲಿದರೆ ತೂತುಗಳ ಪಕ್ಕದಲ್ಲಿ ತೂತು ಬಿದ್ದು, ಅಂಚೆ ಚೀಟಿಯ ಅಂಚಿನಂತೆ ಆ ಸಾಲಿನಲ್ಲೇ ಹರಿಯುತ್ತದೆ. ತುಂಡಿನ ಲೆಕ್ಕದಲ್ಲಿ ಕೂಲಿ ಪಡೆಯುವವರಿಗೆ ಚೀಲದ ಒಂದು ಮುಂಭಾಗ ಹಾಳಾಯಿತು ಅಂದರೆ ಆ ಹೊತ್ತಿನ ದುಡಿಮೆ ಹೋಯಿತು, ಕೆಲವು ಕಡೆ ಚರ್ಮದ ಬೆಲೆಯನ್ನೂ ಅವರೇ ತುಂಬಬೇಕು. ಹಾಗಾಗಿ ಈ ವಿಷಯವನ್ನು ನಾವು ಸ್ವಲ್ಪ ವಿವರವಾಗಿಯೇ ನೋಡೋಣ.

ಒಂದು ಹೊಲಿಗೆ ಬೀಳುವಾಗ ಏನಾಗುತ್ತದೆ?

ಸಾಮಾನ್ಯ ಹೊಲಿಗೆ ಯಂತ್ರದಲ್ಲಿ ದಾರ ಎರಡು: ಸೂಜಿಯ ಮೂಲಕ ಬರುವ ಮೇಲಿನ ದಾರ, ಬಾಬಿನ್‌ನಿಂದ ಬರುವ ಕೆಳಗಿನ ದಾರ. ಸೂಜಿ ಚರ್ಮವನ್ನು ತೂರಿ ಕೆಳಗೆ ಹೋಗಿ, ಅಲ್ಲಿಂದ 2 ಮಿಲಿಮೀಟರ್‌ನಷ್ಟು ಮೇಲೇಳುತ್ತದೆ. ಆಗ ಸೂಜಿಯ ಹಿಂದೆ ದಾರ ಸಣ್ಣ ಕುಣಿಕೆಯಾಗಿ ಉಬ್ಬುತ್ತದೆ. ತಿರುಗುತ್ತಿರುವ ಹುಕ್‌ನ ತುದಿ ಆ ಕುಣಿಕೆಯನ್ನು ಹಿಡಿದು, ಅಗಲ ಮಾಡಿ, ಇಡೀ ಬಾಬಿನ್‌ನ ಸುತ್ತ ದಾಟಿಸುತ್ತದೆ. ಅಷ್ಟರಲ್ಲಿ ಮೇಲಿರುವ ಟೇಕ್-ಅಪ್ ಲಿವರ್, ಅಂದರೆ ಯಂತ್ರದ ಮುಂದೆ ಮೇಲೆ ಕೆಳಗೆ ಕುಣಿಯುವ ಆ ಕಡ್ಡಿ, ಹೆಚ್ಚುವರಿ ದಾರವನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಎರಡು ದಾರಗಳು ಒಂದಕ್ಕೊಂದು ಕೊಂಡಿಯಾಗಿ ಚರ್ಮದ ತೂತಿನೊಳಗೆ ಸಿಕ್ಕಿಕೊಳ್ಳುತ್ತವೆ.

ಇದಕ್ಕೆ ಲಾಕ್‌ಸ್ಟಿಚ್ ಎನ್ನುತ್ತಾರೆ. ಎಲಿಯಾಸ್ ಹೋವ್ 1846ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ಯಂತ್ರ ಹೊಲಿಯುತ್ತಿದ್ದುದೂ ಇದನ್ನೇ. ಇಂದಿನ ಭಾರಿ ಚರ್ಮದ ಯಂತ್ರದಲ್ಲಿ ಗಾತ್ರ ಬದಲಾಗಿದೆ, ಚರ್ಮವನ್ನು ಮುಂದಕ್ಕೆ ಸಾಗಿಸುವ ಬಗೆ ಬದಲಾಗಿದೆ, ಹೊಲಿಗೆ ಮಾತ್ರ ಅದೇ.

ಆ ಕೊಂಡಿಯನ್ನು ನಾವು ಗಂಟು ಎಂದೇ ಕರೆಯೋಣ, ನಿಜಕ್ಕೂ ಅದು ಗಂಟಲ್ಲದಿದ್ದರೂ. ಟೆನ್ಷನ್ ಸರಿ ಮಾಡುವುದೆಂದರೆ ಈ ಗಂಟು ಎಲ್ಲಿ ಕೂರಬೇಕೆಂದು ತೀರ್ಮಾನಿಸುವುದು, ಅಷ್ಟೇ. ಹಗ್ಗ ಜಗ್ಗಾಟವನ್ನು ನೆನೆಸಿಕೊಳ್ಳಿ. ಮೇಲಿನ ತಂಡ ಬಲವಾಗಿ ಎಳೆದರೆ ಗಂಟು ಮೇಲೆ ಬರುತ್ತದೆ, ಕೆಳಗಿನ ತಂಡ ಬಲವಾಗಿ ಎಳೆದರೆ ಕೆಳಗೆ ಹೋಗುತ್ತದೆ. ಇಬ್ಬರ ಎಳೆತವೂ ಸಮವಾದರೆ ಗಂಟು ಚರ್ಮದ ದಪ್ಪದ ನಡುವೆ ಹೂತು ಕೂರುತ್ತದೆ, ಎರಡೂ ಕಡೆಯಿಂದ ಕಾಣುವುದಿಲ್ಲ. ಇಬ್ಬರೂ ಮೆಲ್ಲಗೆ ಎಳೆದರೂ ಸಮ ಆಗಬಹುದು, ಇಬ್ಬರೂ ಜೋರಾಗಿ ಎಳೆದರೂ ಸಮ ಆಗಬಹುದು. ಈ ಕೊನೆಯ ಮಾತು ಮುಖ್ಯ, ಮುಂದೆ ಬೇಕಾಗುತ್ತದೆ.

ಎಳೆತ ಬರುವುದು ಎಲ್ಲಿಂದ?

ಮೇಲಿನ ದಾರದ ಎಳೆತ ಹುಟ್ಟುವುದು ಮುಖ್ಯವಾಗಿ ಎರಡು ಸಣ್ಣ ತಟ್ಟೆಗಳ ನಡುವೆ. ಒಂದು ಸ್ಪ್ರಿಂಗ್ ಆ ತಟ್ಟೆಗಳನ್ನು ಒತ್ತಿ ಹಿಡಿದಿರುತ್ತದೆ. ಮುಂದಿರುವ ನಟ್ ತಿರುಗಿಸಿದರೆ ಒತ್ತಡ ಹೆಚ್ಚು ಕಡಿಮೆಯಾಗುತ್ತದೆ. ಆದರೆ ಎಳೆತ ಅಲ್ಲಿಂದ ಮಾತ್ರ ಬರುವುದಿಲ್ಲ. ದಾರ ಎಲ್ಲೆಲ್ಲಿ ತಿರುವು ತೆಗೆದುಕೊಳ್ಳುತ್ತದೋ ಅಲ್ಲೆಲ್ಲ ಘರ್ಷಣೆ ಸೇರುತ್ತದೆ. ಹಗ್ಗವನ್ನು ಮರಕ್ಕೆ ಎರಡು ಸುತ್ತು ಹಾಕಿ ಹಿಡಿದರೆ ಸಣ್ಣ ಹುಡುಗನೂ ಹೋರಿಯನ್ನು ತಡೆದು ನಿಲ್ಲಿಸುತ್ತಾನಲ್ಲ, ಅದೇ ಲೆಕ್ಕ. ಒಂದೊಂದು ಸುತ್ತಿಗೂ ಹಿಡಿತ ಕೂಡಿಕೆಯಲ್ಲಿ ಅಲ್ಲ, ಗುಣಾಕಾರದಲ್ಲಿ ಏರುತ್ತದೆ. ಯಂತ್ರದ ತಲೆಯ ಮೇಲೆ ಮೂರು ತೂತಿನ ದಾರದ ಕಂಬವಿದ್ದರೆ, ಅದರಲ್ಲಿ ಒಂದು ತೂತು ಬಿಟ್ಟು ಪೋಣಿಸಿದರೂ ಎಳೆತ ಬದಲಾಗುವುದು ಇದೇ ಕಾರಣಕ್ಕೆ.

"ಟೆನ್ಷನ್ 4ಕ್ಕೆ ಇಡಿ" ಎಂಬ ಸಲಹೆಯನ್ನು ಕಣ್ಣು ಮುಚ್ಚಿ ಪಾಲಿಸುವಂತಿಲ್ಲ ಎನ್ನುವುದಕ್ಕೂ ಇದೇ ಕಾರಣ. ದಪ್ಪ ದಾರ ತಟ್ಟೆಗಳನ್ನು ಹೆಚ್ಚು ಅಗಲಿಸುತ್ತದೆ, ಸ್ಪ್ರಿಂಗ್ ಹೆಚ್ಚು ಒತ್ತುತ್ತದೆ. ಅದೇ ನಟ್, ಅದೇ ಸ್ಥಾನ, ಆದರೆ ಎಳೆತ ಬೇರೆ. ಭಾರಿ ಯಂತ್ರಗಳ ನಟ್ ಮೇಲೆ ಸಾಮಾನ್ಯವಾಗಿ ಅಂಕಿಯೇ ಇರುವುದಿಲ್ಲ. ಅಂಕಿ ಇಲ್ಲವೆಂದು ಕೊರಗಬೇಕಿಲ್ಲ, ಇದ್ದರೂ ಉಪಯೋಗ ಅಷ್ಟಕ್ಕಷ್ಟೇ.

ಕೆಳಗಿನ ದಾರದ ಎಳೆತ ಬರುವುದು ಬಾಬಿನ್ ಕೇಸ್‌ನ ಮೇಲಿರುವ ತೆಳು ಎಲೆಯಂಥ ಸ್ಪ್ರಿಂಗ್‌ನಿಂದ. ಅದನ್ನು ಒಂದು ಪುಟ್ಟ ಸ್ಕ್ರೂ ಹಿಡಿದಿರುತ್ತದೆ.

ಕೆಳಗೆ ಕಾಣುವ ತಪ್ಪು ಮೇಲಿನದು

ಫಾರ್ವರ್ಡ್‌ಗಳು ಹೆಚ್ಚು ದಾರಿ ತಪ್ಪಿಸುವುದು ಇಲ್ಲಿ. ಚರ್ಮವನ್ನು ಮಗುಚಿ ನೋಡಿದಾಗ ಕೆಳಬದಿಯಲ್ಲಿ ಕುಣಿಕೆಗಳು, ಸಡಿಲ ದಾರ ಕಂಡರೆ ನಮ್ಮ ಮನಸ್ಸು ತಕ್ಷಣ "ಕೆಳಗಿನ ದಾರ ಸಡಿಲವಿದೆ" ಅನ್ನುತ್ತದೆ. ಆದರೆ ಆ ಕುಣಿಕೆ ಯಾವ ದಾರದ್ದು ಎಂದು ನೋಡಿ. ಅದು ಮೇಲಿನ ದಾರ! ಮೇಲೆ ಎಳೆತ ಸಾಲದೆ, ಕೆಳಗಿನ ದಾರ ಅದನ್ನು ತೂತಿನ ಮೂಲಕ ಆಚೆಗೆ ಎಳೆದುಕೊಂಡಿದೆ. ಈಗ ಬಾಬಿನ್ ಸ್ಕ್ರೂ ಬಿಗಿ ಮಾಡಿದರೆ ಕೆಳಗಿನ ತಂಡ ಇನ್ನೂ ಬಲವಾಗಿ ಎಳೆಯುತ್ತದೆ, ಕುಣಿಕೆ ದೊಡ್ಡದಾಗುತ್ತದೆ. ಇನ್ನೂ ಬಿಗಿ ಮಾಡುತ್ತಾರೆ, ಇನ್ನೂ ಹದಗೆಡುತ್ತದೆ. ಕೊನೆಗೆ ಮೆಷಿನ್ ಕೆಟ್ಟಿದೆ ಎಂದು ಮೆಕ್ಯಾನಿಕ್‌ಗೆ ಫೋನ್.

ಹಾಗೆಯೇ ಮೇಲ್ಬದಿಯಲ್ಲಿ ಕೆಳಗಿನ ದಾರದ ಚುಕ್ಕೆಗಳು ಕಂಡರೆ, ಮೇಲಿನ ಎಳೆತ ಹೆಚ್ಚಾಗಿದೆ ಅಥವಾ ಕೆಳಗಿನದು ಕಡಿಮೆಯಾಗಿದೆ.

ಅನುಮಾನ ಪರಿಹರಿಸಿಕೊಳ್ಳಲು ಒಂದು ಸುಲಭ ದಾರಿ ಇದೆ. ಒಂದೇ ಕಂಪನಿಯ, ಒಂದೇ ದಪ್ಪದ ದಾರವನ್ನು ಎರಡು ಬಣ್ಣದಲ್ಲಿ ತೆಗೆದುಕೊಳ್ಳಿ; ಮೇಲೆ ಕಪ್ಪು, ಕೆಳಗೆ ಬಿಳಿ. ಹೊಲಿಯಬೇಕಾದ ಅದೇ ಚರ್ಮದ ಚೂರುಗಳನ್ನು, ಅಷ್ಟೇ ಪದರ ಸೇರಿಸಿ ಒಂದು ಗೇಣು ಹೊಲಿದು ನೋಡಿ. ಯಾವ ಕಡೆ ಯಾವ ಬಣ್ಣ ಇಣುಕುತ್ತಿದೆ ಎಂಬುದು ಹೇಳಿಬಿಡುತ್ತದೆ. ಇನ್ನೂ ಖಚಿತ ಬೇಕಿದ್ದರೆ ಚೂಪಾದ ಬ್ಲೇಡಿನಿಂದ ಹೊಲಿಗೆಯ ಸಾಲಿನಗುಂಟ ಚೂರನ್ನು ಸೀಳಿ. ಗಂಟುಗಳು ಚರ್ಮದ ಒಳಗೆ ಎಷ್ಟು ಆಳದಲ್ಲಿ ಕುಳಿತಿವೆ ಎಂಬುದು ಕಣ್ಣಿಗೇ ಕಾಣುತ್ತದೆ. ಒಮ್ಮೆ ಹೀಗೆ ಸೀಳಿ ನೋಡಿದವರಿಗೆ ಟೆನ್ಷನ್ ಎಂದರೇನೆಂದು ಬೇರೆ ವಿವರಣೆ ಬೇಕಾಗುವುದಿಲ್ಲ.

ಒಂದು ಎಚ್ಚರಿಕೆ. ಸೂಜಿ ಹೊರಬರುವ ಕೆಳಬದಿಯಲ್ಲಿ ತೂತಿನ ಸುತ್ತ ಚರ್ಮ ಸ್ವಲ್ಪ ಉಬ್ಬಿರುತ್ತದೆ, ಹೊಲಿಗೆ ಮೇಲ್ಬದಿಯಷ್ಟು ಅಚ್ಚುಕಟ್ಟಾಗಿ ಕಾಣುವುದಿಲ್ಲ. ಅದು ಟೆನ್ಷನ್ ತಪ್ಪಲ್ಲ, ಸೂಜಿ ದೂಡಿದ ಗುರುತು. ಅದನ್ನು ಸರಿ ಮಾಡಲು ನಟ್ ತಿರುಗಿಸುತ್ತ ಕೂತರೆ ಸರಿಯಿದ್ದದ್ದೂ ಕೆಡುತ್ತದೆ.

ನಟ್ ಮುಟ್ಟುವ ಮೊದಲು ಸೂಜಿ ನೋಡಿ

ಚರ್ಮದ ಹೊಲಿಗೆಯಲ್ಲಿ ಟೆನ್ಷನ್ ಸಮಸ್ಯೆ ಎಂದು ಕರೆಯುವ ಬಹುಪಾಲು ತೊಂದರೆಗಳು ಟೆನ್ಷನ್‌ನದ್ದಲ್ಲ, ಸೂಜಿಯ ಗಾತ್ರದ್ದು ಎಂಬುದು ನಮ್ಮ ಅಭಿಪ್ರಾಯ. ಏಕೆಂದು ನೋಡಿ.

ಗಂಟು ಚರ್ಮದ ನಡುವೆ ಕೂರಬೇಕಾದರೆ ಮೇಲಿನ ದಾರ ಅದನ್ನು ತೂತಿನೊಳಗೆ ಎಳೆದುಕೊಳ್ಳಬೇಕು. ಗಂಟಿನ ಜಾಗದಲ್ಲಿ ಮೇಲಿನ ದಾರದ ಎರಡು ಎಳೆ, ಕೆಳಗಿನ ದಾರದ ಎರಡು ಎಳೆ ಕೂಡುತ್ತವೆ. ಇಷ್ಟಕ್ಕೂ ತೂತಿನಲ್ಲಿ ಜಾಗ ಬೇಕು. ಬಟ್ಟೆಯಾದರೆ ಎಳೆಗಳು ಸರಿದು ಜಾಗ ಕೊಡುತ್ತವೆ. ಚರ್ಮ ಕೊಡುವುದಿಲ್ಲ, ಸೂಜಿ ಹೊರಬಂದ ಕೂಡಲೇ ಬದಲಿಗೆ ತೂತನ್ನು ಒಂದಿಷ್ಟು ಮುಚ್ಚಿಕೊಳ್ಳುತ್ತದೆ. ತೂತು ಕಿರಿದಾಗಿದ್ದರೆ ಗಂಟು ಒಳಗೆ ಹೋಗದೆ ಕೆಳಬದಿಯಲ್ಲೇ ಕೂರುತ್ತದೆ. ನೋಡಿದವರು ಮೇಲಿನ ಟೆನ್ಷನ್ ಸಾಲದು ಎಂದುಕೊಂಡು ಬಿಗಿ ಮಾಡುತ್ತಾರೆ. ಗಂಟು ಕದಲುವುದಿಲ್ಲ. ಮತ್ತೆ ಬಿಗಿ. ಒಂದು ಹಂತದಲ್ಲಿ ದಾರ ಪಟ್ ಎಂದು ಹರಿಯುತ್ತದೆ. ಆಗ ದಾರದ ಕಂಪನಿಗೆ ಬೈಗುಳ.

ಇಲ್ಲಿ ಮಾಡಬೇಕಾದದ್ದು ಒಂದೇ: ಸೂಜಿಯನ್ನು ಒಂದು ಗಾತ್ರ ದೊಡ್ಡದು ಹಾಕುವುದು.

ಸೂಜಿಯ ಡಬ್ಬಿಯ ಮೇಲೆ 110/18, 160/23 ಎಂದು ಎರಡು ಅಂಕಿಗಳಿರುತ್ತವೆ. ದೊಡ್ಡ ಅಂಕಿ ಮಿಲಿಮೀಟರಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ ಸೂಜಿಯ ದಪ್ಪ; 110 ಎಂದರೆ 1.1 ಮಿ.ಮೀ., 160 ಎಂದರೆ 1.6 ಮಿ.ಮೀ. ದಾರದ ದಪ್ಪವನ್ನು ಟೆಕ್ಸ್‌ನಲ್ಲಿ ಹೇಳುತ್ತಾರೆ. 1000 ಮೀಟರ್ ದಾರ ಎಷ್ಟು ಗ್ರಾಂ ತೂಗುತ್ತದೋ ಅದೇ ಅದರ ಟೆಕ್ಸ್. ಚರ್ಮಕ್ಕೆ ಬಳಸುವ ಬಾಂಡೆಡ್ ನೈಲಾನ್ ದಾರದ ರೀಲುಗಳ ಮೇಲೆ 69, 92, 138, 207, 277 ಎಂಬ ಇನ್ನೊಂದು ಬಗೆಯ ಅಂಕಿಯೂ ಇರುತ್ತದೆ. ಅವು ಕ್ರಮವಾಗಿ ಟೆಕ್ಸ್ 70, 90, 135, 210, 270.

ಸಾಮಾನ್ಯವಾಗಿ ಪಾಲಿಸುವ ಜೋಡಿ ಹೀಗಿದೆ. ಟೆಕ್ಸ್ 70ಕ್ಕೆ 18ನೇ ನಂಬರ್ ಸೂಜಿ, ಟೆಕ್ಸ್ 90ಕ್ಕೆ 20, ಟೆಕ್ಸ್ 135ಕ್ಕೆ 22 ಅಥವಾ 23, ಟೆಕ್ಸ್ 210ಕ್ಕೆ 24, ಟೆಕ್ಸ್ 270ಕ್ಕೆ 25. ಚರ್ಮ ಗಡುಸಾಗಿದ್ದರೆ, ಪದರ ಹೆಚ್ಚಿದ್ದರೆ ಇನ್ನೊಂದು ನಂಬರ್ ಮೇಲೆ ಹೋಗಬಹುದು. ಕೆಳಗಿನ ದಾರವನ್ನು ಒಂದು ಗಾತ್ರ ತೆಳ್ಳಗೆ ಹಾಕುವುದೂ ಕಸುಬಿನವರಲ್ಲಿ ರೂಢಿ. ಗಂಟು ಚಿಕ್ಕದಾಗುತ್ತದೆ, ಹೂತುಕೊಳ್ಳಲು ಸುಲಭ.

ಗಂಟಿಗೆ ಆಳವೂ ಬೇಕು. ಟೆಕ್ಸ್ 270 ದಾರದ ದಪ್ಪ ಅರ್ಧ ಮಿಲಿಮೀಟರಿಗಿಂತ ಹೆಚ್ಚು. ಒಂದೊಂದು ಮಿಲಿಮೀಟರಿನ ಎರಡು ಪದರ ಚರ್ಮದಲ್ಲಿ ಆ ದಾರದ ಗಂಟನ್ನು ಬಚ್ಚಿಡಲು ಯಾವ ಟೆನ್ಷನ್ ಇಟ್ಟರೂ ಆಗುವುದಿಲ್ಲ, ಜಾಗವೇ ಇಲ್ಲವಲ್ಲ! ದಪ್ಪ ದಾರ ಕಾಣುವ ಹೊಲಿಗೆ ಚೆಂದ ಎಂದು ಗ್ರಾಹಕರು ಕೇಳಬಹುದು. ಅದಕ್ಕೆ ಒಳಗೊಂದು ಪದರ ಸೇರಿಸಬೇಕು, ಇಲ್ಲವೇ ದಾರ ತೆಳ್ಳಗಾಗಬೇಕು.

ಸೂಜಿಯ ತುದಿಯ ಬಗ್ಗೆಯೂ ಎರಡು ಮಾತು. ಕಾನ್ಸ್ಯೂ 206, ಜೂಕಿ ಎಲ್‌ಯು-563 ಥರದ ವಾಕಿಂಗ್ ಫೂಟ್ ಯಂತ್ರಗಳಿಗೆ 135×17 ಎಂಬ ದುಂಡು ತುದಿಯ ಸೂಜಿಯೂ ಬರುತ್ತದೆ, 135×16 ಎಂಬ ಚರ್ಮದ ಸೂಜಿಯೂ ಬರುತ್ತದೆ. ಚರ್ಮದ ಸೂಜಿಯ ತುದಿ ಪುಟ್ಟ ಚಾಕುವಿನಂತೆ ಕೊಯ್ದು ದಾರಿ ಮಾಡುತ್ತದೆ, ದುಂಡು ತುದಿ ದೂಡಿ ದಾರಿ ಮಾಡುತ್ತದೆ. ಬರೀ ಚರ್ಮಕ್ಕೆ ಕೊಯ್ಯುವ ತುದಿ ಒಳ್ಳೆಯದು. ಕ್ಯಾನ್ವಾಸ್, ನೈಲಾನ್ ಪಟ್ಟಿಗಳಿಗೆ ಅದು ಬೇಡ, ನೇಯ್ಗೆಯ ಎಳೆಗಳನ್ನೇ ಕತ್ತರಿಸುತ್ತದೆ.

"ಟೈಟ್ ಇದ್ದಷ್ಟೂ ಗಟ್ಟಿ" ಏಕೆ ಸುಳ್ಳು?

ಎರಡೂ ತಂಡ ಜೋರಾಗಿ ಎಳೆದರೂ ಗಂಟು ನಡುವೆಯೇ ಕೂರುತ್ತದೆ ಎಂದೆವಲ್ಲ. ಹೊರಗಿನಿಂದ ನೋಡಿದರೆ ಹೊಲಿಗೆ ಚೆನ್ನಾಗಿಯೇ ಇರುತ್ತದೆ. ಆದರೆ ಹೊಲಿಗೆಯ ಬಲವೆಂದರೆ, ಚೀಲದ ಪಟ್ಟಿಯನ್ನು ಯಾರಾದರೂ ಜಗ್ಗಿದಾಗ ಆ ಎಳೆತವನ್ನು ತಾಳಲು ದಾರದಲ್ಲಿ ಉಳಿದಿರುವ ಶಕ್ತಿ. ಹೊಲಿಯುವಾಗಲೇ ದಾರವನ್ನು ಅದರ ಮಿತಿಯ ಹತ್ತಿರಕ್ಕೆ ಎಳೆದಿಟ್ಟರೆ ಆಮೇಲೆ ತಾಳುವುದಕ್ಕೆ ಉಳಿಯುವುದು ಕಡಿಮೆ.

ಇನ್ನೊಂದು, ನೈಲಾನ್ ಹಿಗ್ಗುವ ದಾರ. ಎಳೆದಾಗ ಉದ್ದವಾಗಿ, ಬಿಟ್ಟಾಗ ಮೆಲ್ಲನೆ ಕುಗ್ಗುತ್ತದೆ. ವಿಪರೀತ ಬಿಗಿಯಲ್ಲಿ ಹೊಲಿದ ಪಟ್ಟಿ ಮೆಷಿನ್ನಿನಿಂದ ಇಳಿದಾಗ ನೆಟ್ಟಗಿದ್ದು, ಆಮೇಲೆ ಸುಕ್ಕುಗಟ್ಟುವುದು ಇದರಿಂದ. ಮೆತ್ತನೆಯ ಚರ್ಮವಾದರೆ ದಾರ ಚರ್ಮದೊಳಕ್ಕೆ ಕೊಯ್ದುಕೊಂಡು ಇಳಿಯುತ್ತದೆ, ಎರಡು ತೂತುಗಳ ನಡುವಿನ ಚರ್ಮ ತೆಳುವಾಗುತ್ತದೆ.

ಸಾಲದ್ದಕ್ಕೆ ಸವೆತ. ದಾರದ ಒಂದೊಂದು ತುಣುಕೂ ಹೊಲಿಗೆಯಲ್ಲಿ ಕೂರುವ ಮುನ್ನ ಸೂಜಿಯ ಕಣ್ಣಿನಲ್ಲಿ ಹತ್ತಾರು ಬಾರಿ ಮೇಲೆ ಕೆಳಗೆ ಓಡಾಡಿರುತ್ತದೆ, ಏಕೆಂದರೆ ಬಾಬಿನ್ ಸುತ್ತ ದಾಟಲು ಬೇಕಾಗುವ ದಾರ ಹೊಲಿಗೆಯಲ್ಲಿ ಉಳಿಯುವ ದಾರಕ್ಕಿಂತ ಎಷ್ಟೋ ಪಾಲು ಹೆಚ್ಚು. ಪ್ರತಿ ಹೊಲಿಗೆಗೂ ಉಳಿಕೆ ಹಿಂದಕ್ಕೆ ಬರುತ್ತದೆ. ಬಿಗಿ ಹೆಚ್ಚಿದಷ್ಟೂ ಈ ಓಡಾಟದಲ್ಲಿ ಉಜ್ಜಾಟ ಹೆಚ್ಚು, ಬಿಸಿ ಹೆಚ್ಚು. ದಾರ ನಾರುನಾರಾಗಿ ಬಿಚ್ಚಿಕೊಳ್ಳುತ್ತಿದ್ದರೆ ಮೊದಲು ಸೂಜಿ ದೊಡ್ಡದು ಮಾಡಿ, ಆಮೇಲೆ ಎಳೆತ ಕಡಿಮೆ ಮಾಡಿ.

"ಹತ್ತಿರ ಹತ್ತಿರ ಹೊಲಿದರೆ ಗಟ್ಟಿ" ಎಂಬುದೂ ಇದರ ತಮ್ಮನೇ. ಬಟ್ಟೆಗೆ ಅದು ಒಂದು ಮಟ್ಟಿಗೆ ನಿಜ. ಚರ್ಮದಲ್ಲಿ ತೂತುಗಳು ಒತ್ತೊತ್ತಾದರೆ ಮತ್ತೆ ಅಂಚೆ ಚೀಟಿಯ ಕಥೆ. ಕೈಚೀಲಗಳಿಗೆ 3ರಿಂದ 4 ಮಿ.ಮೀ., ದಪ್ಪ ಬೆಲ್ಟಿಗೆ ಅದಕ್ಕಿಂತ ಸ್ವಲ್ಪ ಹೆಚ್ಚು ಅಂತರ ಇದ್ದರೆ ಸಾಕು.

ಹಾಗಾದರೆ ಎಷ್ಟು ಬಿಗಿ ಸರಿ? ದಾರ ಚರ್ಮದ ಮೇಲೆ ಸಪಾಟಾಗಿ ಒರಗಿರಬೇಕು, ಉಗುರಿನಿಂದ ಎಬ್ಬಿಸಲು ಹೋದರೆ ಏಳಬಾರದು, ಚರ್ಮ ಮಾತ್ರ ಹಿಂಡಿದಂತಿರಬಾರದು. ಇದನ್ನು ಅಂಕಿಯಲ್ಲಿ ಹೇಳಲು ಬರುವುದಿಲ್ಲ.

ಅಥಣಿ, ನಿಪ್ಪಾಣಿ ಕಡೆ ಕೊಲ್ಹಾಪುರಿ ಚಪ್ಪಲಿ ಕಟ್ಟುವವರು ಸಾಂಪ್ರದಾಯಿಕವಾಗಿ ಚರ್ಮದ ಎಳೆಯಿಂದಲೇ, ಕೈಯಲ್ಲೇ ಹೊಲಿಯುತ್ತಾರೆ. ಅಲ್ಲಿ ಪ್ರತಿ ಹೊಲಿಗೆಯ ಬಿಗಿಯನ್ನೂ ಕೈ ತಾನೇ ಅಳೆಯುತ್ತದೆ, ಚರ್ಮ ಹಿಂಡುತ್ತಿದೆ ಅನ್ನಿಸಿದರೆ ಅಲ್ಲೇ ನಿಲ್ಲುತ್ತದೆ. ಯಂತ್ರಕ್ಕೆ ಆ ಸ್ಪರ್ಶ ಇಲ್ಲ. ಅದರ ಪರವಾಗಿ ನಾವೇ ಚೂರು ಚರ್ಮದ ಮೇಲೆ ನೋಡಿಕೊಳ್ಳಬೇಕು.

ಬಾಬಿನ್ ತೂಗಿಬಿಡುವ ಪರೀಕ್ಷೆ ಇಲ್ಲಿ ನಡೆಯುತ್ತದೆಯೇ?

ಬಾಬಿನ್ ಕೇಸನ್ನು ದಾರದಲ್ಲಿ ನೇತುಬಿಟ್ಟು ಕೈ ಕುಲುಕಿದರೆ ಒಂದೆರಡು ಇಂಚು ಇಳಿದು ನಿಲ್ಲಬೇಕು ಎಂಬ ಪರೀಕ್ಷೆ ಜನಪ್ರಿಯ. ಬಟ್ಟೆ ಹೊಲಿಯುವ ಯಂತ್ರಕ್ಕೆ ಅದು ಒಳ್ಳೆಯ ಪರೀಕ್ಷೆಯೇ. ಭಾರಿ ಚರ್ಮದ ಯಂತ್ರದಲ್ಲಿ ಎರಡು ತೊಂದರೆ. ಮೇಲೆ ಹೇಳಿದಂಥ ವಾಕಿಂಗ್ ಫೂಟ್ ಯಂತ್ರಗಳಲ್ಲಿ ಬಾಬಿನ್ ಮಾತ್ರ ಹೊರಬರುತ್ತದೆ, ಅದರ ಕೇಸ್ ಹುಕ್‌ನೊಳಗೇ ಕುಳಿತಿರುತ್ತದೆ, ತೂಗಿಬಿಡುವುದು ಯಾವುದನ್ನು? ಎರಡನೆಯದಾಗಿ, ದಪ್ಪ ದಾರಕ್ಕೆ ಬೇಕಾದ ಎಳೆತ ಹೆಚ್ಚು. ಕೇಸ್ ತನ್ನ ತೂಕಕ್ಕೇ ಇಳಿಯುವಷ್ಟು ಸಡಿಲ ಬಿಟ್ಟರೆ ಗಂಟು ಎಂದೂ ನಡುವೆ ನಿಲ್ಲದು.

ಇಲ್ಲಿ ಕೈಯೇ ಮಾಪಕ. ದಾರದ ತುದಿ ಹಿಡಿದು ನಿಧಾನವಾಗಿ ಎಳೆಯಿರಿ. ತಡೆ ಇರಬೇಕು, ಆದರೆ ಒಂದೇ ಸಮನಾಗಿ ಬರಬೇಕು. ನಿಂತು ನಿಂತು, ಜರ್ಕ್ ಹೊಡೆದು ಬಂದರೆ ಬಾಬಿನ್ ಸಡಿಲವಾಗಿ ಸುತ್ತಿದೆ ಅಥವಾ ಎಲೆ ಸ್ಪ್ರಿಂಗ್ ಕೆಳಗೆ ಏನೋ ಸಿಕ್ಕಿದೆ. ಇದನ್ನು ತಪ್ಪದೆ ನೋಡಿ. ದಾರದ ಮೇಣದಂಥ ಲೇಪನದ ಪುಡಿ, ಚರ್ಮದ ಧೂಳು, ಮುರಿದ ದಾರದ ತುಣುಕು ಆ ಸ್ಪ್ರಿಂಗ್ ಅಡಿಯಲ್ಲಿ ಸೇರಿಕೊಂಡರೆ ಅದು ದಾರವನ್ನು ಒತ್ತುವುದನ್ನೇ ಬಿಡುತ್ತದೆ. ಸ್ಕ್ರೂ ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ, ಗಟ್ಟಿ ಕಾಗದದ ಮೂಲೆ ತೂರಿಸಿ ಒಮ್ಮೆ ಸ್ವಚ್ಛ ಮಾಡಿದರೆ ಸರಿಹೋಗುತ್ತದೆ.

"ಬಾಬಿನ್ ಸ್ಕ್ರೂ ಎಂದಿಗೂ ಮುಟ್ಟಬಾರದು" ಎಂಬುದೂ ಪೂರ್ತಿ ಸರಿಯಲ್ಲ. ದಾರದ ದಪ್ಪ ಬದಲಾದಾಗ ಮುಟ್ಟಲೇಬೇಕು. ಮುಟ್ಟುವಾಗ ಗಡಿಯಾರದ ಮುಳ್ಳಿನ ಐದು ಹತ್ತು ನಿಮಿಷದಷ್ಟು ಮಾತ್ರ ತಿರುಗಿಸಿ, ಮತ್ತೆ ಎಳೆದು ನೋಡಿ. ಆ ಸ್ಕ್ರೂ ಕೈಜಾರಿ ಬಿದ್ದರೆ ಹುಡುಕುವುದು ಕಷ್ಟ, ಕೆಳಗೊಂದು ಬಿಳಿ ಬಟ್ಟೆ ಹಾಸಿಕೊಳ್ಳಿ.

ಯಾವ ಕ್ರಮದಲ್ಲಿ ಸರಿ ಮಾಡಬೇಕು?

ಮೊದಲು ಮೋಟಾರ್ ಸ್ವಿಚ್ ಆಫ್. ಹಳೆಯ ಕ್ಲಚ್ ಮೋಟಾರ್ ಆಫ್ ಮಾಡಿದ ಮೇಲೂ ಕೆಲವು ಸೆಕೆಂಡ್ ಒಳಗೆ ತಿರುಗುತ್ತಿರುತ್ತದೆ, ಆಗ ಪೆಡಲ್ ಮೇಲೆ ಕಾಲು ಬಿದ್ದರೆ ಸೂಜಿ ಇಳಿಯುತ್ತದೆ. ಪೂರ್ತಿ ನಿಂತ ಮೇಲೆಯೇ ಸೂಜಿಯ ಹತ್ತಿರ ಬೆರಳು ಒಯ್ಯಿರಿ.

ಹೊಸ ಸೂಜಿ, ದಾರಕ್ಕೆ ತಕ್ಕ ಗಾತ್ರದ್ದು. ಬಳಿಕ ಫೂಟ್ ಮೇಲೆತ್ತಿ ದಾರ ಪೋಣಿಸಿ. ಇದು ಶಾಸ್ತ್ರವಲ್ಲ, ಫೂಟ್ ಎತ್ತಿದಾಗ ಟೆನ್ಷನ್ ತಟ್ಟೆಗಳು ಬಿಚ್ಚಿಕೊಳ್ಳುತ್ತವೆ, ದಾರ ನಡುವೆ ಇಳಿಯುತ್ತದೆ. ಫೂಟ್ ಕೆಳಗಿದ್ದಾಗ ಪೋಣಿಸಿದರೆ ದಾರ ತಟ್ಟೆಗಳ ಅಂಚಿನಲ್ಲೇ ಉಳಿದು, ನಟ್ ಎಷ್ಟು ತಿರುಗಿಸಿದರೂ ಏನೂ ಆಗುವುದಿಲ್ಲ. ಕೆಳಗೆ ದಾರದ ಗೂಡು ಕಟ್ಟುವುದಕ್ಕೆ ದೊಡ್ಡ ಕಾರಣ ಇದು.

ಆಮೇಲೆ ಕೆಳಗಿನ ದಾರವನ್ನು ಕೈಯಿಂದ ಎಳೆದು ಹದ ಮಾಡಿ, ಅದನ್ನು ಅಲ್ಲಿಗೇ ಬಿಡಿ. ಇನ್ನು ಹೊಂದಿಸುವುದೆಲ್ಲ ಮೇಲಿನ ನಟ್‌ನಲ್ಲಿ. ಎರಡನ್ನೂ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯದೆ ಸಂಜೆಯಾಗುತ್ತದೆ. ಚೂರು ಚರ್ಮದ ಮೇಲೆ ಹೊಲಿಯಲು ಶುರು ಮಾಡುವಾಗ ಎರಡೂ ದಾರದ ತುದಿಗಳನ್ನು ಹಿಡಿದುಕೊಂಡು ಮೊದಲ ಎರಡು ಮೂರು ಹೊಲಿಗೆಯನ್ನು ಕೈಚಕ್ರ ತಿರುಗಿಸಿಯೇ ಹಾಕಿ. ನೋಡಿ, ನಟ್ ಅರ್ಧ ಸುತ್ತು ತಿರುಗಿಸಿ, ಮತ್ತೆ ಹೊಲಿಯಿರಿ.

ಎಲ್ಲ ಸರಿಯಿದ್ದೂ ಕೆಲವೊಮ್ಮೆ ಮಾತ್ರ ತಪ್ಪುತ್ತಿದ್ದರೆ ಟೆನ್ಷನ್ ತಟ್ಟೆಯ ಬಳಿಯಿರುವ ತಂತಿಯಂಥ ಚೆಕ್ ಸ್ಪ್ರಿಂಗ್ ಗಮನಿಸಿ. ಸೂಜಿ ಕೆಳಗಿಳಿಯುವಾಗ ಸಡಿಲ ದಾರವನ್ನು ಅದು ಹಿಡಿದಿಟ್ಟುಕೊಳ್ಳಬೇಕು, ಸೂಜಿಯ ತುದಿ ಚರ್ಮಕ್ಕೆ ತಾಗುವ ಹೊತ್ತಿಗೆ ಬಿಡಬೇಕು. ಮುಂಚೆಯೇ ಬಿಟ್ಟರೆ ಸಡಿಲ ದಾರ ಸೂಜಿಯ ತುದಿಗೆ ಸಿಕ್ಕಿ ಸೀಳುತ್ತದೆ. ಅದು ಮುರಿದಿದ್ದರೂ ಗೊತ್ತಾಗದೆ ದಿನಗಟ್ಟಲೆ ಟೆನ್ಷನ್ ಜೊತೆ ಗುದ್ದಾಡುವವರಿದ್ದಾರೆ.

ಪಟ್ಟಿ ಕೂಡಿಸುವಲ್ಲಿ, ಎರಡು ಪದರ ಇದ್ದಕ್ಕಿದ್ದಂತೆ ನಾಲ್ಕಾಗುವ ಜಾಗದಲ್ಲಿ, ಗಂಟು ಕೆಳಗೆ ಸರಿಯುವುದು ಸಹಜ. ಅಲ್ಲಿ ಎಳೆಯಬೇಕಾದ ದೂರ ಹೆಚ್ಚು, ಉಜ್ಜಾಟವೂ ಹೆಚ್ಚು. ಕೆಲವು ಯಂತ್ರಗಳಲ್ಲಿ ಇನ್ನೊಂದು ಕಾರಣವೂ ಸೇರುತ್ತದೆ. ದಪ್ಪ ಚರ್ಮ ಫೂಟ್ ಅನ್ನು ಬಹಳ ಮೇಲೆ ಎತ್ತಿದರೆ, ನೀವೇ ಎತ್ತಿದಿರಿ ಎಂದುಕೊಂಡು ಯಂತ್ರ ಟೆನ್ಷನ್ ತಟ್ಟೆಗಳನ್ನು ಬಿಚ್ಚಿಬಿಡುತ್ತದೆ! ಹೊಲಿಯುತ್ತಿರುವಾಗಲೇ ಬಗ್ಗಿ ತಟ್ಟೆಗಳನ್ನು ನೋಡಿದರೆ ತಿಳಿಯುತ್ತದೆ. ಕೂಡುವ ಅಂಚುಗಳನ್ನು ಮೊದಲೇ ಚಾಕುವಿನಿಂದ ತೆಳ್ಳಗೆ ಹೆರೆದುಕೊಂಡರೆ ಎರಡೂ ತಲೆನೋವು ತಪ್ಪುತ್ತದೆ.

ಎಣ್ಣೆ, ಮೇಣ ಮತ್ತು ಮನೆಯ ಮೆಷಿನ್

ದಾರಕ್ಕೆ ಕೊಬ್ಬರಿ ಎಣ್ಣೆ ಸವರಿದರೆ ಹರಿಯುವುದಿಲ್ಲ ಎಂಬ ಸಲಹೆಯಲ್ಲಿ ಅರ್ಧ ಸತ್ಯವಿದೆ. ಜಾರುವ ದಾರ ಕಡಿಮೆ ಉಜ್ಜುತ್ತದೆ, ನಿಜ. ಅದಕ್ಕೆಂದೇ ದಾರಕ್ಕೆ ಹಾಕುವ ಸಿಲಿಕೋನ್ ದ್ರವ ಸಿಗುತ್ತದೆ. ಅಡುಗೆ ಎಣ್ಣೆ, ಮೆಷಿನ್ ಎಣ್ಣೆ ಚರ್ಮಕ್ಕೆ ಇಳಿದು ಕಲೆ ಮಾಡುತ್ತವೆ, ತಟ್ಟೆಗಳಲ್ಲಿ ಧೂಳು ಹಿಡಿಸುತ್ತವೆ. ಏನು ಹಾಕಿದರೂ ಘರ್ಷಣೆ ಬದಲಾಗುವುದರಿಂದ ಟೆನ್ಷನ್ ಮತ್ತೆ ಹೊಂದಿಸಬೇಕು.

ಮನೆಯ ಮೆಷಿನ್ ವಿಷಯ. ತೆಳುವಾದ, ಮೆತ್ತನೆಯ ಚರ್ಮದ ಎರಡು ಪದರವನ್ನು ಚರ್ಮದ ಸೂಜಿ ಹಾಕಿ, ಟೆಕ್ಸ್ 70ರೊಳಗಿನ ದಾರದಲ್ಲಿ, ನಿಧಾನವಾಗಿ ಹೊಲಿಯಬಹುದು. ಪರ್ಸಿನಂಥದ್ದು ಆಗುತ್ತದೆ. ಬೆಲ್ಟ್, ಚೀಲದ ಪಟ್ಟಿ ಆಗುವುದಿಲ್ಲ. ಅಲ್ಲಿ ಕೊರತೆ ಇರುವುದು ಟೆನ್ಷನ್‌ನದ್ದಲ್ಲ. ಸೂಜಿಯನ್ನು ತೂರಿಸುವ ಬಲ, ದಪ್ಪ ಸೂಜಿ ಹಿಡಿಯುವ ಜಾಗ, ಚರ್ಮವನ್ನು ಮೇಲಿನಿಂದಲೂ ಸಾಗಿಸುವ ಫೂಟ್, ಯಾವುದೂ ಅದರಲ್ಲಿಲ್ಲ. ಟೆನ್ಷನ್ ಪೂರ್ತಿ ಬಿಗಿ ಮಾಡಿದರೆ ದಾರ ತೆಳು ಸೂಜಿಯನ್ನೇ ಬಗ್ಗಿಸುತ್ತದೆ, ಬಗ್ಗಿದ ಸೂಜಿ ಕೆಳಗಿನ ಲೋಹದ ತಟ್ಟೆಗೆ ಬಡಿದು ಮುರಿಯುತ್ತದೆ, ಚೂರು ಎತ್ತ ಹಾರುವುದೋ ಹೇಳಲಾಗದು. ಭಾರಿ ಯಂತ್ರದಲ್ಲೂ ಗಡುಸು ಚರ್ಮ ಹೊಲಿಯುವಾಗ ಕನ್ನಡಕ ಹಾಕಿಕೊಳ್ಳುವುದು ಒಳ್ಳೆಯದು.

ಹೊಲಿಯದವರಿಗೂ ಇಷ್ಟು ತಿಳಿದಿದ್ದರೆ ಅಂಗಡಿಯಲ್ಲಿ ಉಪಯೋಗಕ್ಕೆ ಬರುತ್ತದೆ. ಚೀಲ ಕೊಳ್ಳುವಾಗ ಪಟ್ಟಿ ಕೂಡಿಸಿದ ಜಾಗವನ್ನು ಒಳಗಿನಿಂದ ತಿರುಗಿಸಿ ನೋಡಿ. ಒಳಬದಿಯ ದಾರ ನೆಟ್ಟಗೆ ತಂತಿಯಂತೆ ಮಲಗಿದ್ದು, ಪ್ರತಿ ತೂತಿನಿಂದ ಮೇಲಿನ ದಾರದ ಸಣ್ಣ ಕುಣಿಕೆ ಇಣುಕುತ್ತಿದ್ದರೆ ಅಲ್ಲಿ ಲಾಕ್ ಆಗಿಲ್ಲ ಎಂದೇ ಅರ್ಥ. ಆ ನೆಟ್ಟಗಿನ ದಾರವನ್ನು ಒಂದು ಕಡೆ ಕತ್ತರಿಸಿ ಎಳೆದರೆ ಸಲೀಸಾಗಿ ಹೊರಬರುತ್ತದೆ, ಪಟ್ಟಿಯೂ ಅದರ ಜೊತೆಗೆ.